ಸುಟ್ಟ ಗುಡ್ಡಕ್ಕೆ ಸಸಿ ಹೊರುವ ಅತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅತ್ತಿಗೆ, "ಸಾಹೇಬರು ಎದ್ರಾ?" ಎಂದು ವಿಚಾರಿಸುತ್ತಾರೆ. ಒಳಗಿನಿಂದ ದೊಡ್ಡದೊಂದು ಸೀನು ಬರುತ್ತದೆ. ಸಾಹೇಬರೆಂದರೆ ಅವರ ಹೇಸರಗತ್ತೆ. ಮನಸ್ಸಿದ್ದರೆ ಮಾತ್ರ ಹೆಜ್ಜೆ ಎತ್ತಿಡುವ ಗತ್ತಿಗೆ ಊರು ಕೊಟ್ಟ ಹೆಸರು ಅದು. ಬೆನ್ನಿಗೆ ಕಂಬಳಿ ಹಾಸಿ, ಎರಡೂ ಮಗ್ಗುಲಿಗೆ ಬೆತ್ತದ ಬುಟ್ಟಿ ಇಳಿಬಿಟ್ಟು, ಒಂದೊಂದರಲ್ಲೂ ನಲವತ್ತು ಸಸಿ ಜೋಡಿಸುತ್ತಾರೆ. ಭಾರ ಒಂದು ಕಡೆಗೆ ವಾಲಿತೋ, ಸಾಹೇಬರು ಅಂಗಳದಲ್ಲೇ ಮುಷ್ಕರ ಹೂಡುತ್ತಾರೆ.

ಅತ್ತಿಗೆಗೆ ಅರವತ್ತು ಸಮೀಪಿಸಿದೆ. ಮದುವೆಯಾಗಿ ಈ ಬೆಟ್ಟದೂರಿಗೆ ಬಂದಾಗ ಗಂಡನ ಗೆಳೆಯರೆಲ್ಲ ಅತ್ತಿಗೆ ಎಂದರು. ಈಗ ಆ ಗೆಳೆಯರ ಮಕ್ಕಳಿಗೂ ಅವರು ಅತ್ತಿಗೆಯೇ. ಗಂಡ ತೀರಿಕೊಂಡ ಮೇಲೆ ಹೇಸರಗತ್ತೆಯ ಹಗ್ಗ ಇವರ ಕೈಗೆ ಬಂತು. ಗುತ್ತಿಗೆದಾರರು ಮೇಲೆ ಕಡಿದ ಮರವನ್ನು ರಸ್ತೆಯ ತನಕ ಇಳಿಸಿಕೊಡುವುದೇ ಹೊಟ್ಟೆಪಾಡು. ಕಾಡೆಂದರೆ ಆಗ ಅವರಿಗೆ ಬರೀ ತೂಕ.

ಆರು ಬೇಸಿಗೆಯ ಹಿಂದೆ ಆ ಕಾಡಿಗೆ ಬೆಂಕಿ ಬಿತ್ತು. ಊರಿನವರು ಮನೆ ಮುಂದೆ ನಿಂತು ನೋಡಿದರು. ಕಾಡು ಸರ್ಕಾರದ್ದು, ಆರಿಸುವವರು ಬಂದು ಆರಿಸಲಿ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಬೆಟ್ಟ ತುದಿಯ ತನಕ ಕಪ್ಪಾಯಿತು.

"ಅದು ಯಾರ ಕಾಡು ಅಂತ ಮಳೆಗಾಲದಲ್ಲಿ ಗೊತ್ತಾಯ್ತು," ಎನ್ನುತ್ತಾರೆ ಅತ್ತಿಗೆ. "ಬೂದಿ, ಮಣ್ಣು, ಕಲ್ಲು ಎಲ್ಲಾ ನೇರ ನಮ್ಮ ಅಡುಗೆಮನೆಗೇ ಬಂತು. ಒಲೆ ಹುಡುಕೋದಕ್ಕೆ ಗುದ್ದಲಿ ಹಿಡೀಬೇಕಾಯ್ತು."

ಸುಟ್ಟ ಮರದ ದಿಮ್ಮಿ ಇಳಿಸುವ ಕೆಲಸ ಆ ವರ್ಷ ಜೋರಾಗಿಯೇ ಇತ್ತು. ಅದೇ ಹೊತ್ತಿಗೆ ಮನೆಯಲ್ಲಿ ಸೊಸೆ ಇನ್ನೊಂದು ಕೆಲಸ ಹಚ್ಚಿಕೊಂಡಳು. ಊರಿನ ಏಳೆಂಟು ಹೆಂಗಸರನ್ನು ಸೇರಿಸಿ, ಹಿತ್ತಿಲಲ್ಲಿ ಹಳೆಯ ಸೀರೆಗಳ ಚಪ್ಪರ ಕಟ್ಟಿ, ಹಾಲಿನ ಖಾಲಿ ಪ್ಯಾಕೆಟ್‌ಗಳಲ್ಲಿ ಸಸಿ ಎಬ್ಬಿಸಿದಳು. ಚಹಾದಂಗಡಿಯವನು ಅದನ್ನು ನೋಡಿ, ಬಂಡೆಗೆ ಎಣ್ಣೆ ಹಚ್ಚಿ ತಲೆ ಬಾಚುವವರು ಇವರು ಎಂದು ನಕ್ಕ. ಅತ್ತಿಗೆಯೂ ಮೂಗು ಮುರಿದರು. ಆದರೆ ಒಂದು ಬೆಳಿಗ್ಗೆ ಸೊಸೆ ಮೆಲ್ಲಗೆ ಕೇಳಿದಳು: "ಅತ್ತೆ, ಇಳಿಯುವಾಗ ಸಾಹೇಬರ ಬೆನ್ನ ಮೇಲೆ ದಿಮ್ಮಿ ಇರುತ್ತೆ, ಸರಿ. ಹತ್ತುವಾಗ ಖಾಲಿ ತಾನೇ ಹೋಗೋದು?" ಅತ್ತಿಗೆ ಸಾಹೇಬರ ಎರಡೂ ಮಗ್ಗುಲಿಗೆ ಬುಟ್ಟಿ ಕಟ್ಟಿದರು.

ಆ ವರ್ಷ ನೆಟ್ಟದ್ದೆಲ್ಲ ಹೋಯಿತು. ಬೋಳು ಇಳಿಜಾರಿನ ಬಿಸಿಲಿಗೆ ಸಸಿಗಳು ಬೆಂಕಿಕಡ್ಡಿಯಂತೆ ಒಣಗಿ ನಿಂತವು. ಸೊಸೆ ಅವನ್ನು ಕಿತ್ತು ತಂದು ಹಿತ್ತಿಲಲ್ಲಿ ರಾಶಿ ಹಾಕಿದಳು. ಅಂದು ಅವಳು ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಉಳಿದಿದ್ದ ಸಸಿಗಳನ್ನೆಲ್ಲ ಹೇರಿಕೊಂಡು ಅತ್ತೆ ಅಂಗಳದಲ್ಲಿ ನಿಂತಿದ್ದಾರೆ.

"ಸಾಹೇಬರು ತಯಾರಾಗಿದ್ದಾರೆ," ಎಂದರು ಅತ್ತಿಗೆ. "ನೀನು?"

ಅಲ್ಲಿಂದಾಚೆ ಅತ್ತಿಗೆ ದಿಮ್ಮಿ ಹೊರಿಸುವುದನ್ನು ಕಡಿಮೆ ಮಾಡುತ್ತ ಬಂದು, ಕೊನೆಗೆ ಬಿಟ್ಟೇಬಿಟ್ಟರು. ಬಯಲಲ್ಲಿ ನೆಡುವ ಬದಲು ಸುಟ್ಟ ಮೇಲೂ ಚಿಗುರಿದ್ದ ಪೊದೆಗಳ ನೆರಳಲ್ಲಿ ನೆಟ್ಟರು, ಬುಡಕ್ಕೆ ಸುತ್ತಲೂ ಕಲ್ಲು ಒತ್ತಿದರು. ಸಸಿಗಳು ಹಿಡಿದುಕೊಂಡವು. ಮೇಲಿನ ಇಳಿಜಾರು ಪೂರಾ ಕಾಡುಮರಗಳಿಗೆ, ಅಲ್ಲಿ ಯಾರೂ ಕೊಡಲಿ ಹಾಕುವಂತಿಲ್ಲ. ಕೆಳಗಿನ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಕ್ರೋಟ್, ಸೇಬು, ನಡುವಿನ ಸಾಲುಗಳಲ್ಲಿ ಬಟಾಣಿ. ಊರಿನ ಮನೆಗೊಂದು ಪಟ್ಟಿ ನೆಲ. ಬೆಳೆದದ್ದು ಆ ಮನೆಯವರದೇ. ಇದಕ್ಕೆ ಅರಣ್ಯ ಕಚೇರಿಯ ಒಪ್ಪಿಗೆ ಸಿಗುವುದರೊಳಗೆ ಸೊಸೆಯ ಎರಡು ಜೊತೆ ಚಪ್ಪಲಿ ಸವೆದವು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಬೆಟ್ಟದ ಆಚೆ ಬದಿಯಿಂದ ಮತ್ತೆ ಹೊಗೆ ಎದ್ದಿತು. ಅತ್ತಿಗೆ ಸಾಹೇಬರ ಮೇಲೆ ನೀರಿನ ಕ್ಯಾನು ಹೇರಿಕೊಂಡು ಹೊರಟವರು, ಮೇಲೆ ತಾನೂ ಸೊಸೆಯೂ ಆ ಏಳೆಂಟು ಹೆಂಗಸರೂ ಬಿಟ್ಟರೆ ಯಾರಿರುತ್ತಾರೆ ಎಂದುಕೊಂಡೇ ಹತ್ತಿದರು. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಗುದ್ದಲಿ, ಒದ್ದೆ ಗೋಣಿಚೀಲ, ಹಸಿ ಕೊಂಬೆ ಹಿಡಿದು ಇಡೀ ಊರೇ ಹಿಂದೆ ಬರುತ್ತಿತ್ತು. ಆರಿಸುವವರು ಬರಲಿ ಎಂದು ಈ ಸಲ ಯಾರೂ ಕಾಯಲಿಲ್ಲ. ಸಾಹೇಬರು ಕೂಡ ಅಂದು ಗತ್ತು ಬದಿಗಿಟ್ಟು, ಹೊಗೆಗೆ ಕಿವಿ ಮಡಚಿಕೊಂಡು ಒಂದೇ ಸಮನೆ ಹತ್ತಿ ಇಳಿದರು. ಬೆಟ್ಟದ ಮಗ್ಗುಲು ಸುತ್ತಿ ಕೆಳಗಿನ ಅಂಚಿಗೆ ಇಳಿದ ಬೆಂಕಿ ಕತ್ತಲಾಗುವ ಹೊತ್ತಿಗೆ ಬಟಾಣಿ ಸಾಲಿನ ಹಸಿ ಮಣ್ಣಿಗೆ ಬಂದು ನಿಂತಿತು. ಅಕ್ರೋಟ್ ತೋಟದ ಒಂದು ಮೂಲೆ ಹೋಯಿತು. ಜೊತೆಗೆ ಚಹಾದಂಗಡಿಯವನ ಎರಡೂ ಹುಬ್ಬು.

"ತಿಂಗಳುಗಟ್ಟಲೆ ಅವನ ಮುಖ ನೋಡಿ ನಗು ತಡೆಯೋದೇ ಕಷ್ಟ ಆಗಿತ್ತು," ಎಂದು ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ಗಂಭೀರವಾಗುತ್ತಾರೆ. "ಆದ್ರೆ ಅವತ್ತು ಎಲ್ಲರಿಗಿಂತ ಮುಂದೆ ನಿಂತವನು ಅವನೇ. ಅದನ್ನೂ ಹೇಳ್ಬೇಕು."

ಆ ಸುಟ್ಟ ಮೂಲೆಗೇ ಇವತ್ತಿನ ಸಸಿ ಹೋಗುತ್ತಿದೆ. ಮಳೆಗಾಲ ಮುಗಿಯುವ ತನಕ ದಿನಕ್ಕೆ ಎರಡು ಸಲ ಹತ್ತಿ ಇಳಿಯಬೇಕು. ಅತ್ತಿಗೆಯ ಮಂಡಿ ಈಚೆಗೆ ಹಟ ಮಾಡುತ್ತದೆ. ಮನೆಯಲ್ಲಿ ಕೂತು ಸಸಿಗೆ ನೀರು ಹಾಕಿದರೆ ಸಾಕೆಂದು ಸೊಸೆ ಎಷ್ಟು ಹೇಳಿದರೂ ಕೇಳುವುದಿಲ್ಲ. ದಾರಿಯಲ್ಲಿ, ತಾವೇ ನೆಟ್ಟು ಈಗ ತಮಗಿಂತ ಎತ್ತರವಾಗಿರುವ ಪೈನ್ ಮರವೊಂದರ ಬಳಿ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ. ಅದರ ಕೊಂಬೆಯ ತುದಿಯಲ್ಲಿ ಹೆಬ್ಬೆರಳಷ್ಟು ದಪ್ಪದ ಎರಡು ಎಳೆಕಾಯಿ. ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಆ ಕಾಯಿಗಳತ್ತಲೇ ಬೆರಳು ತೋರಿಸುತ್ತಾರೆ.

"ಈ ಕಾಯಿ ಬಲೀಬೇಕು, ಬೀಜ ಗಾಳಿಗೆ ಹಾರ್ಬೇಕು, ಬಿದ್ದಲ್ಲೇ ಹುಟ್ಕೋಬೇಕು. ಆಮೇಲೆ ಈ ಕಾಡಿಗೆ ನಾನ್ಯಾಕೆ ಬೇಕು? 'ಇನ್ನು ನೀನು ಬರೋದು ಬೇಡ' ಅಂತ ಅದೇ ನನ್ನ ಕಳಿಸಿಕೊಡಲಿ. ಅಷ್ಟಾದ್ರೆ ಸಾಕು."