ಮೂರು ಎಳೆ ಕೇಸರಿ

ಔರಾದದಿಂದ ಬಂದ ನನ್ನ ತಂಗಿಯ ಅತ್ತೆ ಕುಂಡದಲ್ಲಿದ್ದ ಒಂದೇ ಒಂದು ನೇರಳೆ ಹೂವನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ನೋಡಿದರು. ಕಾಶ್ಮೀರದ ಗಡ್ಡೆ ತರಿಸಿ ಬೀದರದ ಮನೆಯಲ್ಲಿ ಕೇಸರಿ ಬೆಳೆದಿದ್ದೇನೆ ಎಂದು ನಾನೇ ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಬಸುರಿ ಸೊಸೆಗೆ ಒಯ್ಯಲು ಅವರು ಬಸ್ಸು ಹತ್ತಿ ಬಂದೇಬಿಟ್ಟಿದ್ದರು. ನಾಚುತ್ತಲೇ ಹೂವಿನೊಳಗಿನ ಮೂರು ಕೆಂಪು ಎಳೆಗಳನ್ನು ಬಿಡಿಸಿ ಅವರ ಅಂಗೈ ಮೇಲಿಟ್ಟೆ.

“ಇದು ಹಾಲಿಗಿ ಹಾಕೋದೇನ್ರಿ, ಇಲ್ಲಾ ಬರೀ ತೋರಸೋದ್ರಿ?” ಎಂದರು.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೂ ಅವರು ಎಳೆಗಳನ್ನು ಕಾಗದದಲ್ಲಿ ಮಡಚಿ ಜೋಪಾನವಾಗಿ ಒಯ್ದರು.

ಊರಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಮೊನ್ನೆ ಔರಾದದ ರೈತರೊಬ್ಬರು ಫೋನ್ ಮಾಡಿ, ನನ್ನ ಕೇಸರಿ ತೋಟ ನೋಡಲು ಯಾವಾಗ ಬರಲಿ ಎಂದು ಕೇಳಿದರು. “ಬೆಳಿ ಇನ್ನಾ ಸಣ್ಣದದ್ರಿ” ಎಂದೆ. ಸುಳ್ಳೇನೂ ಹೇಳಲಿಲ್ಲ.