ಪುಸ್ತಕದಲ್ಲಿಲ್ಲದ ಮೊಸಳೆ

ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ? ಕಂಡಕ್ಟರಮ್ಮ ಆರು ತಿಂಗಳು ಮನೆಯಲ್ಲಿ ಕೂತು ಸೊಸೆಯ ತಲೆ ತಿಂದಳು. ಕೊನೆಗೆ ಸೊಸೆಯೇ ಅವಳನ್ನು ಬೀದಿ ಕೊನೆಯ ಪ್ರಾಥಮಿಕ ಶಾಲೆಗೆ ಕರೆದುಕೊಂಡು ಹೋಗಿ, ನಮ್ಮತ್ತೆ ಕೈಲಿ ಮಕ್ಕಳಿಗೆ ಕಥೆ ಹೇಳಿಸಿ ಎಂದು ಹೆಡ್ ಮೇಡಂಗೆ ಒಪ್ಪಿಸಿ ಬಂದಳು. ಹೆಡ್ ಮೇಡಂಗೂ ಅದೇ ಬೇಕಿತ್ತು. ಎರಡು ಬೀರು ತುಂಬ ಪುಸ್ತಕಗಳಿದ್ದವು, ಮಕ್ಕಳು ಮಾತ್ರ ಅತ್ತ ತಲೆ ಹಾಕುತ್ತಿರಲಿಲ್ಲ.

ಅದಾಗಿ ನಾಲ್ಕು ವರ್ಷ. ಪ್ರತಿ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಅವಳು ಒಂದು ಪುಸ್ತಕ ಬಿಡಿಸಿ ಹಿಡಿದು, ನರಿಗೆ ನರಿಯ ದನಿ, ರಾಜನಿಗೆ ರಾಜನ ದನಿ ಕೊಟ್ಟು ಕಥೆ ಹೇಳುವಳು. ಮಕ್ಕಳು ಉಸಿರು ಬಿಗಿಹಿಡಿದು ಕೂತಿರುವಾಗ ಬಸ್ಸಿನ ಕಾಲದ ಸೀಟಿ ಊದಿ, ಮುಂದಿನದು ಪುಸ್ತಕದಲ್ಲಿದೆ, ಇಳೀರಿ ಎನ್ನುವಳು. ಮಕ್ಕಳು ಬೀರುವಿಗೆ ಮುಗಿಬೀಳುತ್ತಿದ್ದರು. ಆ ವಾರದ ಪುಸ್ತಕ ಸಿಕ್ಕಿದವರಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅದನ್ನು ನೋಡಿ ಕಂಡಕ್ಟರಮ್ಮ ಒಳಗೊಳಗೇ ಉಬ್ಬುತ್ತಿದ್ದಳು.

ಒಂದು ಸಂಗತಿ ಮಾತ್ರ ಅವಳೊಬ್ಬಳಿಗೇ ಗೊತ್ತಿತ್ತು. ಬೆರಳು ಹಾಳೆ ಮಗುಚುತ್ತಿತ್ತೇ ಹೊರತು ಕಣ್ಣು ಪುಸ್ತಕದ ಮೇಲಿರುತ್ತಿರಲಿಲ್ಲ. ಪುಸ್ತಕದ ಕಥೆ ಅವಳಿಗೆ ಸಪ್ಪೆ ಅನ್ನಿಸುತ್ತಿತ್ತು. ಉಪ್ಪುಖಾರ ಹಚ್ಚದೆ ಅವಳಿಗೆ ಹೇಳಲಿಕ್ಕೇ ಬರುತ್ತಿರಲಿಲ್ಲ. ಹಾಗಾಗಿಯೇ ನದಿ ದಾಟುವ ನರಿಯ ಕಥೆಗೆ ಒಂದು ಒಕ್ಕಣ್ಣಿನ ಮೊಸಳೆ ಬಂದು ಸೇರಿತು. ಅದಕ್ಕೆ ಕಚಗುಳಿ ಅಂದರೆ ಪ್ರಾಣಭಯ. ಮೊಸಳೆ ಬಾಯಿ ತೆರೆಯಿತು, ನರಿ ಬಾಲ ಮುಂದೆ ಚಾಚಿತು, ಅಷ್ಟರಲ್ಲಿ ಸೀಟಿ. ಪುಸ್ತಕ ಇಸ್ತ್ರಿಯವನ ಮಗಳ ಪಾಲಾಯಿತು. ಅಕ್ಷರ ಕೂಡಿಸಿ ಕೂಡಿಸಿ ಓದುವ ಮೂರನೇ ತರಗತಿಯ ಆ ಹುಡುಗಿ ಪುಸ್ತಕ ಮನೆಗೊಯ್ದದ್ದು ಅದೇ ಮೊದಲು.

ಮೂರು ವಾರದ ಮೇಲೆ ಒಂದು ಶುಕ್ರವಾರ ಅವಳ ಅಪ್ಪ ಕಂಡಕ್ಟರಮ್ಮನನ್ನು ಹುಡುಕಿಕೊಂಡು ಶಾಲೆಯ ಬಾಗಿಲಿಗೆ ಬಂದ. ಕೈಯಲ್ಲಿ ಅದೇ ಪುಸ್ತಕ. ಮುದುರಿದ ಹಾಳೆಗಳಿಗೆಲ್ಲ ಹಗುರವಾಗಿ ಇಸ್ತ್ರಿ ಹಾಕಿ ತಂದಿದ್ದ. ಮಗಳು ಇನ್ನು ಪುಸ್ತಕ ತರುವುದಿಲ್ಲವೆಂದು ಹಟ ಹಿಡಿದಿದ್ದಾಳೆ, ತನಗೆ ಓದಲಿಕ್ಕೆ ಬರುವುದಿಲ್ಲ ಎಂದು ಅಳುತ್ತಾಳೆ ಎಂದ.

"ಎಂಟು ಸಲ ಓದಿದ್ಲಮ್ಮ. ಅದ್ಯಾವುದೋ ಮೊಸಳೆ ಸಿಗ್ತಿಲ್ವಂತೆ. ನಾನಾದ್ರೂ ಹುಡುಕ್ಕೊಡೋಣ ಅಂದ್ರೆ ನಂಗೆ ಅಕ್ಷರ ಬರಲ್ಲ. ಚಿತ್ರ ಎಲ್ಲ ನೋಡ್ದೆ, ಅಲ್ಲೂ ಕಾಣ್ಲಿಲ್ಲ."

ಕಂಡಕ್ಟರಮ್ಮ ಪುಸ್ತಕ ಕೈಗೆ ತೆಗೆದುಕೊಂಡಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಮಾನಕ್ಕೆ ಅಂಜುವ ನಾಲಿಗೆ ನಿಜ ಹೇಳುತ್ತದೆಯೇ? ಮೊಸಳೆ ಇರುವುದು ಬೇರೆ ಪುಸ್ತಕದಲ್ಲಿ, ನಾನೇ ಅದಲುಬದಲು ಮಾಡಿಬಿಟ್ಟೆ ಎಂದಳು. ಪಾಪ, ಆ ಮನುಷ್ಯ ಹಗುರಾಗಿ ನಕ್ಕು, ಕೈಮುಗಿದು ಹೋದ.

ಮಾರನೆಯ ದಿನದಿಂದ ಹುಡುಗಿ ಆ ಬೇರೆ ಪುಸ್ತಕ ಹುಡುಕತೊಡಗಿದಳಂತೆ. ಆಟದ ಬಿಡುವಿನಲ್ಲಿ ಬೀರುವಿನ ಮುಂದೆ ಕೂತು, ಒಂದೊಂದೇ ಪುಸ್ತಕ ತೆಗೆದು, ಬೆರಳಿಟ್ಟು ಓದಿ, ಮತ್ತೆ ಒಳಗಿಡುತ್ತಾಳೆ ಎಂದು ಹೆಡ್ ಮೇಡಂ ಖುಷಿಯಿಂದ ಫೋನ್ ಮಾಡಿದರು. ಎಂಥಾ ಓದಿನ ಹುಚ್ಚು ಹಿಡಿಸಿಬಿಟ್ಟಿರಿ ಎಂದು ಹೊಗಳಿದರು. ಕಂಡಕ್ಟರಮ್ಮನಿಗೆ ಆ ಹೊತ್ತು ಊಟ ಸೇರಲಿಲ್ಲ. ಜೀವಮಾನವಿಡೀ ಟಿಕೆಟ್ ಇಲ್ಲದವರನ್ನು ದಾರಿ ಮಧ್ಯೆ ಇಳಿಸಿ ಬೈದವಳು, ಈಗ ತಾನು ಮಾಡಿದ್ದೇನು? ತಟ್ಟೆ ಮುಂದೆ ಕೂತೇ ಸೊಸೆಗೆ ಎಲ್ಲ ಹೇಳಿಕೊಂಡಳು. ಸೊಸೆ ಬೈಯಲಿಲ್ಲ. ಹೋಗಿ ಆ ಮಗುವಿಗೆ ಹೇಳಿ ಅತ್ತೆ ಎಂದಳು, ಅಷ್ಟೇ.

ಶುಕ್ರವಾರ ಅವಳು ಕುರ್ಚಿಯ ಮೇಲೆ ಕೂರಲಿಲ್ಲ. ಮಕ್ಕಳ ಮುಂದೆ ನೆಲದ ಮೇಲೇ ಕೂತು, ಇಸ್ತ್ರಿಯವನ ಮಗಳನ್ನು ಹತ್ತಿರ ಕರೆದಳು. ನಾಚಿಕೆಯಿಂದ ಮೈ ಹಿಡಿಯಾಗಿತ್ತು.

"ಮೊಸಳೆ ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮ. ನಾನೇ ಕಟ್ಟಿ ಹೇಳಿದ್ದು. ನಿಮ್ಮಪ್ಪನ ಹತ್ರಾನೂ ಸುಳ್ಳು ಹೇಳ್ದೆ."

ಹುಡುಗಿ ಇನ್ನೂ ಹತ್ತಿರ ಸರಿದಳು.

"ಹಂಗಾದ್ರೆ ನಾನು ಸರಿಯಾಗೇ ಓದಿದ್ನಾ?"

"ಸರಿಯಾಗೇ ಓದಿದ್ದೆ. ಒಂದಕ್ಷರಾನೂ ತಪ್ಪಿಲ್ಲ."

ಹುಡುಗಿ ನರಿಯ ಪುಸ್ತಕ ತೆಗೆದುಕೊಂಡು ಬಂದು, ಯಾರೂ ಹೇಳದಿದ್ದರೂ ಗಟ್ಟಿಯಾಗಿ ಓದತೊಡಗಿದಳು. ತಡವರಿಸಿದಳು, ನಿಂತಳು, ಮತ್ತೆ ಮುಂದುವರಿದಳು. ನರಿ ಯಾರ ಕಾಟವೂ ಇಲ್ಲದೆ ನದಿ ದಾಟಿತು. ಕಂಡಕ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದೆಯ ಭಾರ ಅರ್ಧ ಇಳಿದಂತಾಯಿತು. ಮಿಕ್ಕ ಅರ್ಧವೂ ಇವತ್ತಿಗೆ ಇಳಿದೀತೆಂದು ಆಸೆಪಟ್ಟಳು.

ಆಗ ಹಿಂದಿನ ಸಾಲಿನಲ್ಲಿ ಐದನೇ ತರಗತಿಯ ಒಬ್ಬಳು ಕೈಯೆತ್ತಿದಳು. ಎರಡು ವರ್ಷದಿಂದ ಪ್ರತಿ ಶುಕ್ರವಾರ ಬಂದು ಕೂರುವಳು, ಬೀರುವಿನ ಕಡೆ ಮಾತ್ರ ಹೋಗುವವಳಲ್ಲ. ಕಥೆ ಕೇಳಿದರೆ ಸಾಕು, ಓದುವುದು ಬೇಡ ಎನ್ನುವ ಪೈಕಿ ಇರಬೇಕೆಂದು ಕಂಡಕ್ಟರಮ್ಮ ಅಂದುಕೊಂಡಿದ್ದಳು.

"ಅಜ್ಜಿ, ನಾನು ಮೂರನೇ ಕ್ಲಾಸಲ್ಲಿ ಒಂದು ಪುಸ್ತಕ ತಗೊಂಡೋಗಿದ್ದೆ. ಅದ್ರಲ್ಲಿ ಕುಂಟ ಗಿಳಿ ಸಿಗ್ಲಿಲ್ಲ. ಅದೂ ಇರ್ಲಿಲ್ವಾ?"