ದಿಬ್ಬದ ನೆತ್ತಿಯ ಮೂವತ್ತೆಂಟು ಕಲ್ಲು

ಬೆಳಗಿನ ಐದೂವರೆ. ಚನ್ನಗಿರಿಯ ಹೊರಗೆ, ಸೂಳೆಕೆರೆ ಕಡೆಗೆ ಹೋಗುವ ರಸ್ತೆಯ ದಿಬ್ಬವನ್ನು ಒಬ್ಬರು ಸೈಕಲ್ ತುಳಿಯುತ್ತ ಹತ್ತುತ್ತಿದ್ದಾರೆ. ಹಿಂದಿನ ಕ್ಯಾರಿಯರ್‌ಗೆ ಮೀನಿನ ಬುಟ್ಟಿ ಕಟ್ಟಿದೆ. ಬುಟ್ಟಿಯಲ್ಲಿ ಮೀನಿಲ್ಲ, ಒಂದೊಂದು ಹದಿನೈದು ಕಿಲೋ ತೂಗುವ ಎರಡು ಕಲ್ಲುಗಳಿವೆ. ತುಳಿಯುವವರ ಎಡಗಾಲು ಬಲಗಾಲಿಗಿಂತ ಸಣ್ಣ. ಅರ್ಧ ದಿಬ್ಬ ಹತ್ತುವಷ್ಟರಲ್ಲಿ ಚೈನು ಟಕ್ ಎನ್ನುತ್ತದೆ. ಎರಡು ತುಳಿತಕ್ಕೆ ಮತ್ತೆ ಟಕ್. ಅವರು ಇಳಿದು, ಸೈಕಲ್ ತಿರುಗಿಸಿ ಕೆಳಕ್ಕೆ ತಳ್ಳಿಕೊಂಡು ಬರುತ್ತಾರೆ.

ಬುಡದ ಅಂಗಡಿ ಮುಂದೆ ಸೈಕಲ್ಲಿನ ಒಡೆಯ ಗಿಡ್ಡಪ್ಪ ಟವೆಲ್ ಹಿಂಡುತ್ತ ನಿಂತಿದ್ದಾನೆ. "ಆಗ್ಲಿಲ್ಲೇನಣ್ಣ?"

"ಇನ್ನೂ ಆಗಿಲ್ಲ. ಆಗಾಕಿಲ್ಲ ಅಂದ್ನೇನು ನಾನು?"

ಇವರು ಷಣ್ಮುಖಪ್ಪ, ಐವತ್ತೆರಡು ವರ್ಷ. ಈ ದಿಬ್ಬದ ಬುಡದಲ್ಲಿ ಸೈಕಲ್ ಶಾಪ್ ಇಟ್ಟದ್ದು ಇಸವಿ ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ. ಈಗ ಎಂಬತ್ತಮೂರು, ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಎಂಟೋ ಹತ್ತೋ ಪಂಚರ್, ಎರಡು ಮೂರು ಬೆಂಡು ತೆಗೆಯುವ ಕೆಲಸ. ಅಷ್ಟನ್ನು ಯಾವ ಅಂಗಡಿಯವರಾದರೂ ಮಾಡುತ್ತಾರೆ. ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಜನ ಹಳೇ ಸೈಕಲ್ ಬಸ್ಸಿನ ಮೇಲೆ ಹಾಕಿಕೊಂಡು ಇವರನ್ನೇ ಹುಡುಕಿ ಬರುವುದು ಬೇರೆ ಕೆಲಸಕ್ಕೆ.

ದೊಡ್ಡ ಸೈಕಲ್ಲಿನ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ ನಲವತ್ತೆಂಟು ಹಲ್ಲು. ಅದು ಸಮದಾರಿಗೆ ಸರಿ. ಮೂವತ್ತು ಕಿಲೋ ಹೇರಿಕೊಂಡು ದಿಬ್ಬ ಹತ್ತುವವನ ಮಂಡಿಯನ್ನು ಅದು ತಿನ್ನುತ್ತದೆ. ಷಣ್ಮುಖಪ್ಪನವರು ಗುಜರಿಗೆ ಬಿದ್ದ ಮಕ್ಕಳ ಬಾಡಿಗೆ ಸೈಕಲ್ಲಿನಿಂದ ಮೂವತ್ತಾರು ಹಲ್ಲಿನ ಚಕ್ರ ಬಿಡಿಸಿ, ಹಳೇ ದೊಡ್ಡ ಸೈಕಲ್ಲಿಗೆ ಕೂರಿಸುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೆ ಅದನ್ನು ಹೀಗೆ ವಿವರಿಸುತ್ತಾರೆ:

"ಮೊದ್ಲು ಮೂರು ತುಳಿತಕ್ಕೆ ಹೋಗೋ ದೂರಕ್ಕೆ ಈಗ ನಾಕು ತುಳೀಬೇಕು. ಹೊತ್ತು ಜಾಸ್ತಿ, ನೋವು ಕಮ್ಮಿ. ಮೊದ್ಲು ಮಾಡ್ಕಂಡಿದ್ದು ನನ್ ಕಾಲಿಗೇ ರೀ. ಈ ಎಡಗಾಲು ಹತ್ತಿಸ್ತು ಅಂದ್ರೆ ಯಾರ ಕಾಲಾದ್ರೂ ಹತ್ತಿಸ್ತದೆ."

ಮಾತಿನಷ್ಟು ಸುಲಭದ ಕೆಲಸವಲ್ಲ. ಮಕ್ಕಳ ಸೈಕಲ್ಲಿನ ಪೆಡಲ್ ಕೋಲು ಗಿಡ್ಡ. ಹಾಗಾಗಿ ಚಕ್ರವನ್ನಷ್ಟೇ ಕತ್ತರಿಸಿ, ಹಳೆಯ ಉದ್ದನೆಯ ಕೋಲಿಗೆ ಹಿತ್ತಾಳೆ ಕರಗಿಸಿ ಬೆಸೆಯಬೇಕು. ನಡು ಕೂದಲೆಳೆಯಷ್ಟು ತಪ್ಪಿದರೂ ಸುತ್ತಿನಲ್ಲೊಮ್ಮೆ ಚೈನು ಬಿಗಿದು ಇನ್ನೊಮ್ಮೆ ಸಡಿಲವಾಗುತ್ತದೆ. ಅದನ್ನು ಅವರು ಕಣ್ಣಿನಿಂದ ನೋಡುವುದಿಲ್ಲ. ಕಣ್ಣು ಮುಚ್ಚಿ, ಕೈಯಿಂದ ಪೆಡಲ್ ತಿರುಗಿಸುತ್ತ ಕೇಳುತ್ತಾರೆ. ಶ್ರಾವಣದಲ್ಲಿ ಕಾವ್ಯ ಓದಿಸುವ ಮನೆಗಳಲ್ಲಿ ಹೀಗೆ ಕೂರುವ ಹಿರಿಯರಿರುತ್ತಾರೆ. ಅರ್ಥ ಹೇಳಲು ಬಾರದಿದ್ದರೂ, ಓದುವವರು ಛಂದಸ್ಸಿನ ಒಂದು ಮಾತ್ರೆ ತಪ್ಪಿಸಿದರೆ ಅವರ ಹುಬ್ಬು ಏಳುತ್ತದೆ.

ಕಲ್ಲಿನ ಪರೀಕ್ಷೆ ಶುರುವಾದದ್ದು ಒಂದು ತಪ್ಪಿನಿಂದ. ಚಕ್ರ ಚಿಕ್ಕದಾದರೆ ಚೈನು ಉದ್ದವಾಗುತ್ತದೆ. ಆರು ಕೊಂಡಿ ತೆಗೆಯಬೇಕು. ಹಾಲಿನ ಗಾದ್ರಪ್ಪನದು ಹೊಚ್ಚ ಹೊಸ ಚೈನು. "ಕತ್ತರಿಸಾಕೆ ಮನಸು ಬರ್ಲಿಲ್ಲ. ಹಿಂದಿನ ಗಾಲಿ ಹಿಂದಕ್ಕೆ ಎಳೆದು ಬಿಗಿ ಮಾಡಿ ಕಳಿಸ್ದೆ. ಇದೇ ದಿಬ್ಬದಾಗೆ ಚೈನು ಕಳಚಿ ಬಿದ್ದ. ಮುಂಗೈ ಮುರೀತು. ಹಾಲು ಇಲ್ಲೀತನಕ ಹರಿದು ಬಂತು ರೀ, ನನ್ ಅಂಗಡಿ ಬಾಗ್ಲಿಗೆ."

ಅಂದಿನಿಂದ, ಒಡೆಯ ಎಷ್ಟು ಭಾರ ಹೊರುತ್ತಾನೋ ಅಷ್ಟೇ ತೂಕದ ಎರಡು ಕಲ್ಲು ಕಟ್ಟಿ ಮೊದಲು ತಾವೇ ದಿಬ್ಬ ಹತ್ತಿ ಬರುತ್ತಾರೆ. ಆಮೇಲೆ ಅದೇ ಕಲ್ಲು ಹೊತ್ತು ಒಡೆಯ ಹತ್ತಬೇಕು. ನೆತ್ತಿಯಲ್ಲಿ ಕಲ್ಲು ಇಳಿಸಿ, ಹಾಗೇ ತನ್ನ ದಾರಿ ಹಿಡಿಯಬೇಕು. ಮೇಲೆ ಹುಣಸೆಮರದ ಕೆಳಗೆ ಹತ್ತೊಂಬತ್ತು ಸೈಕಲ್ಲುಗಳ ಮೂವತ್ತೆಂಟು ಕಲ್ಲು ಬಿದ್ದಿವೆ. ಯಾವ ದೇವರೋ ಎಂದು ಯಾರೋ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದಾರೆ. ಷಣ್ಮುಖಪ್ಪನವರು ಅದನ್ನು ಅಳಿಸಿಲ್ಲ.

ಇಂದು ಇಪ್ಪತ್ತನೆಯ ಸೈಕಲ್. ಗಿಡ್ಡಪ್ಪ ಕೆರೆಯಿಂದ ದಿನಾ ಮೂವತ್ತು ಕಿಲೋ ಮೀನು ತಂದು ಹಳ್ಳಿಗಳಲ್ಲಿ ಮಾರುವವನು. ಬಲ ಮಂಡಿ ಊದಿ, ದಿಬ್ಬಗಳಲ್ಲಿ ಸೈಕಲ್ ತಳ್ಳುತ್ತ ತಡವಾಗಿ, ಬಿಸಿಲಿಗೆ ಮೀನು ಮೆತ್ತಗಾಗಿ ಗಿರಾಕಿಗಳು ಕೈಬಿಟ್ಟರು. ಎಂಟು ದಿನದಿಂದ ಅವನು ಕೆರೆಗೇ ಹೋಗಿಲ್ಲ. "ಇವತ್ತು ಎಂಟು ಗಂಟೆಗೆ ದೋಣಿ ದಡಕ್ಕೆ ಬರ್ತಾವಣ್ಣ. ಆಗ ನಾನಿರ್ಲಿಲ್ಲ ಅಂದ್ರೆ ನನ್ ಪಾಲಿನ ಮೀನು ಬೇರೇರಿಗೆ ಅಂತ ಗುತ್ತಿಗೆದಾರ್ರು ಹೇಳಿ ಕಳಿಸ್ಯಾರೆ."

ಎದುರಿನ ಟೀ ಅಂಗಡಿಯ ರೇವಣ್ಣನಿಗೆ ಇದೆಲ್ಲ ತಮಾಷೆ. "ಲಿಂಗ ಕಟ್ಕಂಡೋರು ಮೀನಿನ ಬುಟ್ಟಿ ಹೇರ್ಕಂಡು ಹೊಂಟ್ರಲ್ರೀ."

"ಹೇರಿದ್ದು ಕಲ್ಲು ಮಾರಾಯ. ಸೈಕಲ್ ಏನು ಮೀನು ತಿಂತೈತಾ?" ಎನ್ನುತ್ತಲೇ ಷಣ್ಮುಖಪ್ಪ ಹಿಂದಿನ ಚಕ್ರ ಎತ್ತಿ ತಿರುಗಿಸುತ್ತಾರೆ. ಅದರ ಫ್ರೀವೀಲಿನ, ಅಂದರೆ ಚೈನು ಕೂರುವ ಹಿಂದಿನ ಹಲ್ಲುಚಕ್ರದ, ಮೇಲೆ ಬೆರಳಾಡಿಸುತ್ತಾರೆ. ಹಲ್ಲುಗಳು ಸವೆದು ಮೊಂಡಾಗಿವೆ. "ಮುಂದಿನ ಹಲ್ಲುಚಕ್ರ ಚಿಕ್ಕದಾದಷ್ಟೂ ಚೈನು ಜೋರಾಗಿ ಎಳೀತದೆ. ಈ ಹಲ್ಲು ತಡೀಲಿಲ್ಲ, ಚೈನು ಹಾರ್ತು. ಮುಂದಿಂದು ಕೂರಿಸೋ ಭರದಾಗೆ ಹಿಂದಿಂದು ನೋಡ್ಲಿಲ್ಲ. ತಪ್ಪು ನಂದು."

ಹೊಸ ಫ್ರೀವೀಲು ಸಿಗುವ ಅಂಗಡಿ ತೆರೆಯುವುದು ಹತ್ತಕ್ಕೆ. ಗಿಡ್ಡಪ್ಪ ರಸ್ತೆ ನೋಡುತ್ತಾನೆ. ಷಣ್ಮುಖಪ್ಪ ತಮ್ಮ ಸೈಕಲ್ ಮಲಗಿಸಿ ಅದರ ಫ್ರೀವೀಲು ಬಿಚ್ಚತೊಡಗುತ್ತಾರೆ. ಅದರಲ್ಲೂ ಚಿಕ್ಕ ಚಕ್ರವೇ ಇರುವುದರಿಂದ ಚೈನೂ ಅಳತೆಗೆ ಹೊಂದುತ್ತದೆ. ಅರ್ಧ ಗಂಟೆಯಲ್ಲಿ ಫ್ರೀವೀಲು, ಚೈನು ಎರಡೂ ಗಿಡ್ಡಪ್ಪನ ಸೈಕಲ್ಲಿಗೆ ಏರಿವೆ. ಮತ್ತೆ ಕಲ್ಲು ಕಟ್ಟಿ ಹೊರಡುತ್ತಾರೆ. ಈ ಸಲ ಟಕ್ ಎನ್ನುವುದಿಲ್ಲ. ತಿರುವಿನಾಚೆ ಮರೆಯಾಗಿ, ನೆತ್ತಿ ಮುಟ್ಟಿ, ಕಲ್ಲಿನ ಸಮೇತ ಇಳಿದು ಬರುತ್ತಾರೆ.

"ಹತ್ತು. ನಿಂತು ತುಳೀಬ್ಯಾಡ, ಕುಂತೇ ತುಳಿ."

"ನೀವು ಮನೆಗೆ ಹೆಂಗೆ ಹೋಗ್ತೀರಣ್ಣ? ಎರಡು ಮೈಲಿ ಐತೆ."

"ತಡ ಆದ್ರೆ ಮೀನು ಕೆಡ್ತದೆ. ನಾನು ಕೆಡಾಕಿಲ್ಲ. ಹೋಗಪ್ಪ."

ಗಿಡ್ಡಪ್ಪ ಏರುತ್ತಾನೆ. ಬಲಗಾಲು ಒತ್ತುವಾಗೆಲ್ಲ ಹೆಗಲು ಬಾಗುತ್ತದೆ, ಆದರೆ ಸೈಕಲ್ ನಿಲ್ಲುವುದಿಲ್ಲ. ತಿರುವಿನಲ್ಲಿ ಅವನೂ ಮರೆಯಾಗುತ್ತಾನೆ. ನಿಮ್ಮ ಆಸೆ ಏನು ಎಂದು ನಾನು ಕೇಳಲು ಹೊರಟರೆ ಷಣ್ಮುಖಪ್ಪ ಗ್ರೀಸು ಮೆತ್ತಿದ ಕೈ ಎತ್ತಿ ತಡೆಯುತ್ತಾರೆ. ಕಣ್ಣು ಮುಚ್ಚಿದೆ. ಟೀ ಅಂಗಡಿಯ ರೇವಣ್ಣನೂ ಲೋಟ ತೊಳೆಯುವುದನ್ನು ನಿಲ್ಲಿಸಿದ್ದಾನೆ.

ಬಹಳ ಹೊತ್ತಿನ ಮೇಲೆ, ದಿಬ್ಬದ ಮೇಲಿನಿಂದ ಕಲ್ಲಿಗೆ ಕಲ್ಲು ತಾಗಿದ ಸದ್ದು. ತುಸು ತಡೆದು ಇನ್ನೊಂದು.

"ಎರಡೂ ಬಿದ್ವು," ಎಂದು ಷಣ್ಮುಖಪ್ಪ ಕಣ್ಣು ತೆರೆಯುತ್ತಾರೆ. "ಈಗ ಹೇಳ್ರಿ, ಏನೋ ಕೇಳ್ತಿದ್ರಲ್ಲ."